ಕಾಗದವಿಲ್ಲದ ಇಸಿಜಿ

ಅವಳ ಬೀಳ್ಕೊಡುಗೆಯ ದಿನ ಎಲ್ಲರೂ ನನ್ನನ್ನೇ ಹಿಡಿದು ಎಬ್ಬಿಸಿದರು. ಹನ್ನೊಂದು ವರ್ಷ ಒಂದೇ ಸೂರಿನಡಿ ಕೂತು ಕೆಲಸ ಮಾಡಿದವನು ನಾನು, ಅವಳ ಬಗ್ಗೆ ನನ್ನ ಹೊಟ್ಟೆಯಲ್ಲಿ ಒಳ್ಳೆಯ ಮಾತು ರಾಶಿ ಬಿದ್ದಿರಬೇಕು ಅಂತ ಅವರ ಅಂದಾಜು. ನಾನು ಎದ್ದು ನಿಂತು, ಗಂಟಲು ಸರಿಯಿಲ್ಲ ಎಂದು ಹೇಳಿ ಕೂತುಬಿಟ್ಟೆ. ಗಂಟಲು ಚೆನ್ನಾಗಿಯೇ ಇತ್ತು. ಅಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೊಗಳಿಕೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಲಿ. ಒಂದು ಹುಡುಗಿಯ ಜೀವ ಒಂದು ಬೆಳಿಗ್ಗೆ ನಮ್ಮಿಬ್ಬರ ಕೈಗೆ ಸಿಕ್ಕಿ ಹೇಗೆ ಒದ್ದಾಡಿತು, ಆಮೇಲೆ ನಾವಿಬ್ಬರೂ ಏನು ಮಾಡಿದೆವು ಎನ್ನುವುದಷ್ಟೇ ನನಗೆ ಹೇಳಬೇಕಿರುವುದು. ಅವಳು ನಮ್ಮ ನರ್ಸು, ಎದುರಿಗಿದ್ದಾಗ 'ಸಿಸ್ಟರ್, ನೀವು' ಎನ್ನುತ್ತಿದ್ದೆ. ಬರೆಯುವಾಗ ಅವಳು ಎಂದೇ ಬರೆಯುತ್ತೇನೆ. ಹನ್ನೊಂದು ವರ್ಷ ಅವಳ ಬಾಯಿಗೆ ಬಿದ್ದವನಿಗೆ ಅಷ್ಟು ಹಕ್ಕಿದೆ.

ನಮ್ಮ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರ ಅಂದರೆ ಗ್ರಂಥಾಲಯದ ಬೆನ್ನಿಗೆ ಅಂಟಿಕೊಂಡ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ನನ್ನ ಔಷಧಿ ಕಪಾಟು, ಕೌಂಟರು, ತೂಕದ ಯಂತ್ರ. ಹಿಂದಿನದರಲ್ಲಿ ಹಸಿರು ಪರದೆ, ಕಬ್ಬಿಣದ ಮಂಚ, ಬಿ.ಪಿ. ಯಂತ್ರ, ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟ ಮೇಜು, ಅದರ ಮೇಲೆ ಹಳೆಯ ಇಸಿಜಿ ಯಂತ್ರ. ಡಾಕ್ಟರು ವಾರಕ್ಕೆ ಎರಡು ದಿನ, ಹತ್ತರಿಂದ ಹನ್ನೆರಡರವರೆಗೆ ಬಂದು ಹೋಗುತ್ತಿದ್ದರು. ಮಿಕ್ಕ ಹೊತ್ತೆಲ್ಲ ಅಲ್ಲಿ ಅವಳದೇ ಕಾರುಬಾರು. ನಾನು ಕಾಂಪೌಂಡರ್, ಜೊತೆಗೆ ಸ್ಟೋರಿನ ಕೀಲಿಕೈ ನನ್ನ ಜೇಬಿನಲ್ಲಿ. ಹುಡುಗರು ಅವಳಿಗೆ ಗರಗಸ ಅಂತ ಹೆಸರಿಟ್ಟಿದ್ದರು. ದನಿ ಹಾಗಿತ್ತು, ಮತ್ತು ಒಮ್ಮೆ ಶುರುವಾದರೆ ಎರಡು ತುಂಡಾಗುವವರೆಗೆ ನಿಲ್ಲುತ್ತಿರಲಿಲ್ಲ.

ಅವಳಿಗೆ ಇಡೀ ಜಗತ್ತಿನಲ್ಲಿ ಆಗದಿದ್ದದ್ದು ಒಂದೇ, ಎದೆನೋವು ಅಂತ ಸುಳ್ಳು ಹೇಳುವವರು. ಅದಕ್ಕೆ ಕಾರಣ ಮನೆಯಲ್ಲೇ ಇತ್ತು. ಅವಳ ಗಂಡ ಮದುವೆಯಾದ ಎರಡನೇ ವರ್ಷ ಮುದ್ರಣಾಲಯದ ಕೆಲಸ ಬಿಟ್ಟು ಬಂದು, ಎದೆ ಹಿಡಿದುಕೊಂಡು ಮಂಚದ ಮೇಲೆ ಮಲಗಿದವನು, ಆಮೇಲೆ ಏಳಲೇ ಇಲ್ಲ. ಊಟಕ್ಕೆ ಏಳುತ್ತಿದ್ದ, ಟಿವಿಗೆ ಏಳುತ್ತಿದ್ದ, ಗೆಳೆಯರು ಬಂದರೆ ಬೀದಿಯ ಕೊನೆಯವರೆಗೂ ನಡೆದು ಹೋಗಿ ಬರುತ್ತಿದ್ದ. ಯಾರಾದರೂ ಒಂದು ಕೆಲಸ ಇದೆ ಎಂದರೆ ಸಾಕು, ಕೈ ಎದೆಗೆ ಹೋಗುತ್ತಿತ್ತು. ಮೂರು ಆಸ್ಪತ್ರೆಯವರು ನೋಡಿ, ಇವನ ಹೃದಯ ನಮ್ಮೆಲ್ಲರದಕ್ಕಿಂತ ಗಟ್ಟಿ ಎಂದಿದ್ದರು. ಅತ್ತೆ ಮಾತ್ರ, "ನನ್ನ ಮಗನ ನೋವು ನಿಮಗೇನು ಗೊತ್ತು, ನರ್ಸಮ್ಮ" ಎನ್ನುತ್ತ ಅವನ ಎದೆಗೆ ಎಣ್ಣೆ ತಿಕ್ಕುತ್ತಿದ್ದಳಂತೆ. ಇಷ್ಟೂ ನನಗೆ ಅವಳೇ ಹೇಳಿದ್ದು, ಒಂದೇ ಸಲ, ಹತ್ತಿ ಉಂಡೆ ಕಟ್ಟುತ್ತ. ಅಯ್ಯೋ ಪಾಪ ಎಂದೆ. "ನಿಮ್ಮ ಪಾಪ ನಿಮ್ಮ ಹತ್ರಾನೇ ಇಟ್ಕೊಳಿ" ಎಂದಳು. ಹೀಗೆ ಇರುತ್ತಿತ್ತು ನಮ್ಮ ಸ್ನೇಹ.

ಅಂಥವಳನ್ನು ತಂದು ಕೂರಿಸಿದ್ದು ಎಂಥ ಜಾಗದಲ್ಲಿ ಎಂದರೆ, ವರ್ಷಕ್ಕೆ ನಾನೂರು ಎದೆನೋವು ಬರುವ ಜಾಗದಲ್ಲಿ. ನಾವು ಇಬ್ಬರೂ ಬರುವ ಮುಂಚೆ ಯಾವನೋ ಒಬ್ಬ ವಿದ್ಯಾರ್ಥಿ ಎದೆ ಉರಿಯುತ್ತಿದೆ ಎಂದರೂ ಬಿಡದೆ ಪರೀಕ್ಷೆಗೆ ಕೂರಿಸಿದ್ದರಂತೆ, ಅವನು ಬೆಂಚಿನ ಮೇಲೇ ಉರುಳಿದನಂತೆ. ದೊಡ್ಡ ಗಲಾಟೆಯಾಗಿ ಕುಲಸಚಿವರು ಒಂದು ಸುತ್ತೋಲೆ ಹೊರಡಿಸಿದರು. ಎದೆನೋವು ಎಂದು ಹೇಳುವ ಯಾವ ವಿದ್ಯಾರ್ಥಿಗೂ ಆರೋಗ್ಯ ಕೇಂದ್ರ ರಜೆಯ ಚೀಟಿ ಕೊಡತಕ್ಕದ್ದು. ಇಸಿಜಿ ತೆಗೆದು, ಅದು ನಾರ್ಮಲ್ ಎಂದು ಬಂದರೆ ಮಾತ್ರ ಪರೀಕ್ಷೆಗೆ ವಾಪಸು ಕಳಿಸತಕ್ಕದ್ದು. ಜ್ವರ ಎಂದರೆ ಥರ್ಮಾಮೀಟರ್ ಬಾಯಿಬಿಡಿಸುತ್ತದೆ. ಹೊಟ್ಟೆನೋವು ಎಂದರೆ ಅವಳು ಕುಡಿಸುತ್ತಿದ್ದ ಕಹಿ ಔಷಧಿಗೆ ಹೆದರಿ ಅರ್ಧದಷ್ಟು ಜನ ಬಾಗಿಲಲ್ಲೇ ಗುಣವಾಗುತ್ತಿದ್ದರು. ಹಾಗಾಗಿ ಕಿರುಪರೀಕ್ಷೆಯ ವಾರ ಬಂತೆಂದರೆ ಹಾಸ್ಟೆಲಿಗೆ ಹಾಸ್ಟೆಲೇ ಎದೆ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಿತ್ತು.

ಬರಿಗೈಯಲ್ಲಿ ಬರುತ್ತಿರಲಿಲ್ಲ. ಯಾರೋ ಬುದ್ಧಿವಂತ ಒಂದು ಹಾಳೆ ತಯಾರಿಸಿದ್ದ. ಅದರ ಜೆರಾಕ್ಸ್ ಒಂದು ಹಾಸ್ಟೆಲಿನಿಂದ ಇನ್ನೊಂದಕ್ಕೆ, ಹಿರಿಯರಿಂದ ಕಿರಿಯರಿಗೆ ಇಳಿದು ಬಂದಿತ್ತು. ನಾವು ಅದನ್ನು ಎದೆನೋವಿನ ಹಾಳೆ ಎನ್ನುತ್ತಿದ್ದೆವು. ಮೊದಲ ಭಾಗದಲ್ಲಿ ಲಕ್ಷಣ: ಎದೆಯ ಮಧ್ಯೆ ಭಾರ ಇಟ್ಟ ಹಾಗೆ, ಎಡಗೈಗೆ ಇಳಿಯುವುದು, ದವಡೆ ನೋವು, ಬೆವರು, ಉಸಿರು ಕಟ್ಟುವುದು. ಎರಡನೇ ಭಾಗದಲ್ಲಿ ಅಪಾಯಕ್ಕೆ ಕಾರಣಗಳು: ಸಿಗರೇಟು, ಬೊಜ್ಜು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ವ್ಯಾಯಾಮ ಇಲ್ಲದಿರುವುದು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ. ಕೊನೆಯದರ ಪಕ್ಕ ನಕ್ಷತ್ರ ಹಾಕಿ, 'ಇದನ್ನು ಖಂಡಿತ ಹೇಳಿ' ಎಂದು ಬರೆದಿತ್ತು. ಅವರೂ ಖಂಡಿತ ಹೇಳುತ್ತಿದ್ದರು. ಆ ಹನ್ನೊಂದು ವರ್ಷಗಳಲ್ಲಿ ನಮ್ಮ ಹಿಂದಿನ ಕೋಣೆಯಲ್ಲಿ ಸತ್ತಷ್ಟು ಅಪ್ಪಂದಿರು ಯಾವ ದೊಡ್ಡಾಸ್ಪತ್ರೆಯಲ್ಲೂ ಸತ್ತಿರಲಿಕ್ಕಿಲ್ಲ. ಪದವಿ ಪ್ರದಾನದ ದಿನ ಅವರೇ ಗುಂಡುಗುಂಡಾಗಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಮಕ್ಕಳ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಅವಳು ಕಿಟಕಿಯಿಂದ ನೋಡಿ, "ಅಗೋ, ಸತ್ತವರು ಬಂದ್ರು" ಎನ್ನುತ್ತಿದ್ದಳು.

ಅವಳ ವಿಚಾರಣೆ ನೋಡಬೇಕಿತ್ತು. ಹುಡುಗ ಮಂಚದ ಮೇಲೆ ಮಲಗಿ ನರಳುತ್ತಿದ್ದರೆ ಇವಳು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವಳು.

"ನೋವು ಎಡಗೈಗೆ ಇಳೀತಿದ್ಯಾ?"

"ಹೂಂ ಸಿಸ್ಟರ್."

"ಯಾವ ಬೆರಳಿಗೆ?"

ಹಾಳೆಯಲ್ಲಿ ಬೆರಳಿನ ಮಾತು ಇರಲಿಲ್ಲ. ಹುಡುಗ ಪಿಳಿಪಿಳಿ ಕಣ್ಣು ಬಿಡುವನು.

"ಅಪ್ಪ ಯಾವ ವಯಸ್ಸಿಗೆ ಹೋದ್ರು?"

"ನಲವತ್ತಕ್ಕೆ ಸಿಸ್ಟರ್."

"ನಿನಗೊಬ್ಬ ತಮ್ಮ ಇದ್ದಾನಲ್ಲ, ಅವನು ಹುಟ್ಟಿದಾಗ ಅಪ್ಪನಿಗೆ ಎಷ್ಟು?"

"ನಲವತ್ತ್... ನಲವತ್ತೆರಡು."

"ಏಳು ಮೇಲೆ. ನಡಿ ಪರೀಕ್ಷೆಗೆ."

ನಾನು ಕೌಂಟರಿನ ಹಿಂದೆ ಕೂತು ನಗುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಆಗ ನನಗೆ ಅದು ಪುಕ್ಕಟೆ ನಾಟಕ.

ಒಂದು ವರ್ಷ ಸಮುದಾಯ ಆರೋಗ್ಯ ವಿಭಾಗದ ಮೇಷ್ಟ್ರು ಒಂದು ಸಮೀಕ್ಷೆ ಮಾಡಿಸಿದರು. ಹೃದ್ರೋಗಕ್ಕೆ ಕಾರಣವಾಗುವ ಸಂಗತಿಗಳ ಬಗ್ಗೆ ವಿದ್ಯಾರ್ಥಿಗಳಿಗೆ ಎಷ್ಟು ತಿಳಿವಳಿಕೆ ಇದೆ ಎಂದು ಆರುನೂರು ಜನರಿಗೆ ಪ್ರಶ್ನಾವಳಿ ಹಂಚಿದರು. ಉತ್ತರ ನೋಡಿ ಮೇಷ್ಟ್ರು ದಂಗಾದರು. ನೂರಕ್ಕೆ ತೊಂಬತ್ತೊಂದು ಜನ ಎಲ್ಲ ಕಾರಣಗಳನ್ನೂ ಸರಿಯಾಗಿ, ಅದೂ ಒಂದೇ ಕ್ರಮದಲ್ಲಿ ಬರೆದಿದ್ದರು. ನಮ್ಮ ವಿದ್ಯಾರ್ಥಿಗಳ ಅರಿವು ಅಸಾಧಾರಣ ಎಂದು ಕುಲಪತಿಗಳು ಭಾಷಣ ಮಾಡಿದರು, ದೊಡ್ಡದೊಂದು ಬ್ಯಾನರ್ ಬರೆಸಿ ನಮ್ಮ ಬಾಗಿಲ ಮೇಲೇ ಕಟ್ಟಿಸಿದರು. ಅದರ ನೆರಳಿನಲ್ಲಿ ನಿಂತು ಹುಡುಗರು ಸಿಗರೇಟು ಸೇದುತ್ತಿದ್ದರು. ಅವಳು ಮೇಷ್ಟ್ರ ಕೋಣೆಗೇ ಹೋಗಿ ಜಗಳ ತೆಗೆದಳು.

"ಸಾರ್, ಇವರಿಗೆ ಹೃದಯದ ವಿಷಯ ಗೊತ್ತಿಲ್ಲ. ಪರೀಕ್ಷೆ ತಪ್ಪಿಸೋ ವಿಷಯ ಗೊತ್ತಿದೆ."

"ಸಿಸ್ಟರ್, ಮೂರರಲ್ಲಿ ಒಂದು ಭಾಗ ಮಕ್ಕಳ ತಂದೆಗೆ ಹೃದ್ರೋಗ ಇದೆ. ಇದು ಗಂಭೀರ ವಿಷಯ. ಡೇಟಾ ಇದೆ ನನ್ನ ಹತ್ರ."

"ನಿಮ್ಮ ಡೇಟಾದ ಅಪ್ಪಂದಿರೆಲ್ಲ ಕಲ್ಲುಗುಂಡಿನ ಹಾಗಿದ್ದಾರೆ ಸಾರ್. ಫೋನ್ ಮಾಡಿ ಕೇಳಿ."

ಮೇಷ್ಟ್ರು ಕನ್ನಡಕ ಒರೆಸಿಕೊಂಡು, ನರ್ಸುಗಳಿಗೆ ಸಂಶೋಧನೆಯ ವಿಧಾನ ಅರ್ಥವಾಗುವುದಿಲ್ಲ ಎಂದರಂತೆ. ವಾಪಸು ಬಂದವಳು ಆ ಸಿಟ್ಟನ್ನೆಲ್ಲ ನನ್ನ ಮೇಲೆ ತೀರಿಸಿಕೊಂಡಳು. ಕಾರಣ ಸಿಗದಿದ್ದರೂ ಕಾಲು ಕೆರೆದುಕೊಂಡು ಬರುವುದು ಅವಳಿಗೆ ಅಭ್ಯಾಸ.

ಈಗ ಇಸಿಜಿ ಕಾಗದದ ವಿಷಯಕ್ಕೆ ಬರಬೇಕು. ಸುತ್ತೋಲೆಯ ಪ್ರಕಾರ ಪ್ರತಿ ಎದೆನೋವಿಗೂ ಇಸಿಜಿ ಆಗಬೇಕು. ಆದರೆ ಕಚೇರಿಯವರು ನಮಗೆ ಕೊಡುತ್ತಿದ್ದದ್ದು ವರ್ಷಕ್ಕೆ ನಾಲ್ಕು ರೋಲ್. ನಾನೂರು ಎದೆನೋವಿಗೆ ನಾಲ್ಕು ರೋಲ್ ಹೇಗೆ ಸಾಲುತ್ತದೆ? ಮೊದಲ ವರ್ಷವೇ ಆಗಸ್ಟಿನೊಳಗೆ ಎಲ್ಲ ಮುಗಿದು, ಡಾಕ್ಟರಿಗೆ ನಿಜವಾಗಿ ಬೇಕಾದ ದಿನ ಕಾಗದ ಇಲ್ಲದೆ ನಾನು ಬೈಸಿಕೊಂಡೆ. ಆಮೇಲೆ ಒಂದು ಉಪಾಯ ಹುಟ್ಟಿತು. ತಂತಿಗಳನ್ನೆಲ್ಲ ಕ್ರಮವಾಗಿ ಹಚ್ಚುವುದು, ಯಂತ್ರ ಓಡಿಸುವುದು, ಒಳಗೆ ಕಾಗದ ಮಾತ್ರ ಹಾಕದಿರುವುದು. ಸೂಜಿ ಬರಿಯ ಪಟ್ಟಿಯ ಮೇಲೆ ಟಕಟಕ ಆಡುತ್ತಿತ್ತು. ಮಲಗಿದ ಹುಡುಗನಿಗೆ ಕಾಣುತ್ತಿದ್ದದ್ದು ಪರದೆ ಮತ್ತು ಅವಳ ಮುಖ ಮಾತ್ರ. ಎರಡು ನಿಮಿಷ ಬಿಟ್ಟು ಅವಳು ನಾರ್ಮಲ್ ಎಂದು ಚೀಟಿ ಬರೆದು ಎಬ್ಬಿಸುತ್ತಿದ್ದಳು. ನಿಜವಾದ ನೋವು ಅನ್ನಿಸಿದವರಿಗೆ ಮಾತ್ರ ಕಾಗದ. ಯಾವುದು ನಿಜ, ಯಾವುದು ಸುಳ್ಳು ಎನ್ನುವುದು ಅವಳ ಮೂಗಿಗೆ ಬಿಟ್ಟದ್ದು.

ಈ ಉಪಾಯ ಯಾರ ತಲೆಯಿಂದ ಬಂದದ್ದು ಎಂದು ಕೇಳಿದರೆ, ನನ್ನದು. ಅವಳು ಮೊದಲು ಒಪ್ಪಿರಲಿಲ್ಲ. ಒಂದು ವಾರ ದಿನಾ ನನಗೆ ಬೈದಿದ್ದಳು. ಆಮೇಲೆ ಕಿರುಪರೀಕ್ಷೆಯ ದಿನ ಮೂವತ್ತೆಂಟು ಜನ ಸಾಲಾಗಿ ನಿಂತಾಗ ಅವಳೇ ಯಂತ್ರದಿಂದ ರೋಲ್ ತೆಗೆದು ನನ್ನ ಕೈಗೆ ಕೊಟ್ಟಳು. ಎಂಟು ವರ್ಷ ಒಂದೂ ತಪ್ಪಲಿಲ್ಲ. ಅವಳ ಮೂಗು ಅಂಥದ್ದು ಎಂದು ಅವಳೂ ನಂಬಿದಳು, ನಾನೂ ನಂಬಿದೆ.

ನನ್ನದು ಇನ್ನೊಂದು ಕಳ್ಳ ಅಭ್ಯಾಸ ಇತ್ತು. ವರ್ಷಕ್ಕೊಮ್ಮೆ ತಪಾಸಣಾ ತಂಡ ಬಂದಾಗ, ಕಾಗದ ಇದೆಯೇ ಎಂದು ಕೇಳಿದರೆ ತೋರಿಸಲು ಎರಡು ರೋಲ್ ಬೇಕು. ಅವಳ ಕಣ್ಣಿಗೆ ಬಿದ್ದರೆ ಉಳಿಯುವುದಿಲ್ಲ, ಹಾಗಾಗಿ ಎರಡನ್ನು ಖರ್ಚಾಗಿದೆ ಎಂದು ರಿಜಿಸ್ಟರಿನಲ್ಲಿ ಬರೆದು, ಕೈಗವಸಿನ ಡಬ್ಬಗಳ ಹಿಂದೆ ಬಚ್ಚಿಟ್ಟು ಬೀಗ ಹಾಕುತ್ತಿದ್ದೆ. ಇದು ಅವಳಿಗೆ ಗೊತ್ತಿರಲಿಲ್ಲ. ಅವಳು ಕೇಳಿದಾಗೆಲ್ಲ, "ಇಲ್ಲ ಸಿಸ್ಟರ್, ಕಚೇರಿಯಿಂದ ಬಂದಿಲ್ಲ" ಎನ್ನುತ್ತಿದ್ದೆ.

ಒಂಬತ್ತನೇ ವರ್ಷದ ಕಿರುಪರೀಕ್ಷೆ. ಡಾಕ್ಟರು ಬರುವ ದಿನವಲ್ಲ. ಹತ್ತೂಕಾಲಿಗೆ ಒಬ್ಬ ಹುಡುಗಿ ಬಂದಳು. ರಸಾಯನಶಾಸ್ತ್ರದ ಎಂಎಸ್ಸಿ, ಕಡ್ಡಿಯ ಹಾಗೆ ತೆಳ್ಳಗೆ, ಇಪ್ಪತ್ತೊಂದು ವಯಸ್ಸು. ಅವಳ ಪರೀಕ್ಷೆ ಹನ್ನೊಂದಕ್ಕೆ. ಅವಳ ಹಿಂದೆ ಇನ್ನೂ ಆರು ಜನ ಎದೆ ಹಿಡಿದುಕೊಂಡು ನಿಂತಿದ್ದರು.

"ಸಿಸ್ಟರ್, ಎದೆ ಮಧ್ಯದಲ್ಲಿ ಭಾರ ಇಟ್ಟ ಹಾಗಾಗ್ತಿದೆ. ಎಡಗೈಗೆ ಇಳೀತಿದೆ. ದವಡೆನೂ ನೋಯ್ತಿದೆ. ಬೆಳಿಗ್ಗೆಯಿಂದ ಬೆವರು. ನಮ್ಮಪ್ಪ ಮೂವತ್ತಾರಕ್ಕೇ ಹಾರ್ಟ್ ಅಟ್ಯಾಕಲ್ಲಿ ಹೋದ್ರು. ದೊಡ್ಡಪ್ಪನೂ ಹಾಗೇ ಹೋದ್ರು."

ಹಾಳೆಯ ಕ್ರಮವೇ. ಒಂದು ಪದ ಆಚೀಚೆ ಇಲ್ಲ. ಗರಗಸ ಚಪ್ಪಾಳೆ ತಟ್ಟಿದಳು.

"ಪಾಠ ಚೆನ್ನಾಗಿ ಒಪ್ಪಿಸಿದೆ. ಒಂದು ಸಾಲು ಬಿಟ್ಟೆ ನೋಡು. ಉಸಿರು ಕಟ್ಟುತ್ತೆ ಅನ್ನಬೇಕು."

"ಇಲ್ಲ ಸಿಸ್ಟರ್, ಉಸಿರು ಸರಿಯಾಗೇ ಇದೆ."

ಆ ಮಾತು ನನ್ನ ಕಿವಿಗೂ ಬಿತ್ತು, ಅವಳ ಕಿವಿಗೂ ಬಿತ್ತು. ಸುಳ್ಳು ಹೇಳಲು ಬಂದವರು ಯಾವತ್ತೂ ಒಂದು ಸಾಲನ್ನು ಬಿಡುವುದಿಲ್ಲ, ಕೇಳಿದರೆ ಎರಡು ಸೇರಿಸುತ್ತಾರೆ. ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ. ಆಮೇಲೆ ಗೊತ್ತಾದದ್ದು, ಆ ಹುಡುಗಿ ಹಿಂದಿನ ರಾತ್ರಿ ಗೆಳತಿಯ ಹಾಸಿಗೆಯ ಮೇಲೆ ಬಿದ್ದಿದ್ದ ಹಾಳೆ ಓದಿ, ಅದರಲ್ಲಿ ತನ್ನ ಅಪ್ಪನನ್ನು, ದೊಡ್ಡಪ್ಪನನ್ನು, ತಿಂಗಳಿಂದ ಆಗಾಗ ಬಂದು ಹೋಗುತ್ತಿದ್ದ ತನ್ನ ನೋವನ್ನು ಕಂಡು ಹೆದರಿದ್ದಳು. ಇಡೀ ವಿಶ್ವವಿದ್ಯಾಲಯದಲ್ಲಿ ಆ ಹಾಳೆಯನ್ನು ನಿಜವೆಂದು ಓದಿದವಳು ಅವಳೊಬ್ಬಳೇ. ಬೇರೆ ಮಾತು ಗೊತ್ತಿಲ್ಲದೆ ಅದರ ಮಾತಲ್ಲೇ ತನ್ನ ನೋವು ಹೇಳಿದಳು. ನಾವು ಆ ಮಾತುಗಳನ್ನು ಗುರುತು ಹಿಡಿದೆವು, ಹುಡುಗಿಯನ್ನು ಗುರುತು ಹಿಡಿಯಲಿಲ್ಲ.

"ಕಾಗದ ಇದ್ಯಾ ಕಾಂಪೌಂಡರ್ರೇ?" ಎಂದು ಪರದೆಯ ಆಚೆಯಿಂದ ಕೇಳಿದಳು. ಯಾಕೆ ಕೇಳಿದಳೋ, ಸುಳ್ಳು ಎಂದು ಖಚಿತವಾದವರಿಗೆ ಅವಳು ಕೇಳುತ್ತಿರಲಿಲ್ಲ.

"ಇಲ್ಲ ಸಿಸ್ಟರ್" ಎಂದೆ.

ಕಾಲಿಗೆ ಇಸಿಜಿ ತಂತಿಯ ಕ್ಲಿಪ್ಪು ಹಾಕುವಾಗ, "ಇದೇನೇ ಇದು ಹಿಮ್ಮಡಿ ಮೇಲೆ, ಹಳದಿ ಗಂಟು?" ಎನ್ನುವುದು ಕೇಳಿಸಿತು. "ಚಿಕ್ಕಂದಿನಿಂದ ಇದೆ ಸಿಸ್ಟರ್, ಚಪ್ಪಲಿ ಉಜ್ಜಿ ಆಗಿರ್ಬೇಕು" ಎಂದಳು ಹುಡುಗಿ. ಸೂಜಿ ಎರಡು ನಿಮಿಷ ಟಕಟಕ ಎಂದಿತು. ಇವಳು ಚೀಟಿಯಲ್ಲಿ ನಾರ್ಮಲ್ ಎಂದು ಬರೆದಳು. ಹುಡುಗಿ, "ನಿಜವಾಗ್ಲೂ ನಾರ್ಮಲ್ಲಾ ಸಿಸ್ಟರ್?" ಎಂದು ಕೇಳಿ, ಹೌದು ಎನ್ನಿಸಿಕೊಂಡು, ಮುಖ ಅರಳಿಸಿಕೊಂಡು ಹೋದಳು. ಸುಳ್ಳು ಹೇಳುವವರು ನಾರ್ಮಲ್ ಎಂದರೆ ಮುಖ ಗಂಟು ಹಾಕುತ್ತಾರೆ. ಇದೂ ನಮಗೆ ಹೊಳೆಯಲಿಲ್ಲ.

ಪರೀಕ್ಷೆ ಎರಡನೇ ಮಹಡಿಯಲ್ಲಿತ್ತು. ಹನ್ನೊಂದೂ ಮುಕ್ಕಾಲಿಗೆ ಅವಳನ್ನು ಕುರ್ಚಿಯ ಸಮೇತ ಹೊತ್ತುಕೊಂಡು ಬಂದರು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು, ಅಂಗಿ ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿತ್ತು. ಪ್ರಜ್ಞೆ ಇತ್ತು. ಮೇಲ್ವಿಚಾರಕರು, "ಬೆಳಿಗ್ಗೆ ನಿಮ್ಮಲ್ಲೇ ಇಸಿಜಿ ಆಗಿದ್ಯಂತಲ್ಲ, ನಾರ್ಮಲ್ ಅಂತ ಚೀಟಿ ಇದೆ, ಗಾಬರಿ ಇರಬೇಕು" ಎಂದು ಹೇಳಿ ಪರೀಕ್ಷೆ ನೋಡಿಕೊಳ್ಳಲು ಓಡಿದರು. ನಾನು ಡಾಕ್ಟರಿಗೆ ಫೋನ್ ಮಾಡಿದೆ. ಅವರ ಮಾತಿಲ್ಲದೆ ವಿಶ್ವವಿದ್ಯಾಲಯದ ವ್ಯಾನು ಹೊರಡುವ ಹಾಗಿರಲಿಲ್ಲ.

"ಇಸಿಜಿ ಆಯ್ತಾ?" ಎಂದರು ಡಾಕ್ಟರು.

"ಬೆಳಿಗ್ಗೆ ಆಗಿದೆ ಸಾರ್. ನಾರ್ಮಲ್."

"ಹಾಗಾದ್ರೆ ಪರೀಕ್ಷೆ ಭಯ. ಮಲಗಿಸಿ, ಗ್ಲೂಕೋಸ್ ಕುಡಿಸಿ. ಇಲ್ಲಿ ಕ್ಲಿನಿಕ್ ತುಂಬಾ ಜನ ಇದ್ದಾರೆ, ನಾಲ್ಕಕ್ಕೆ ಬಂದು ನೋಡ್ತೀನಿ."

ಅವಳು ಹುಡುಗಿಯ ನಾಡಿ ಹಿಡಿದು ನಿಂತಿದ್ದಳು. ನನ್ನ ಮಾತು ಕೇಳಿ ತಿರುಗಿದಳು.

"ಫೋನ್ ಕೊಡಿ ಇಲ್ಲಿ."

ನಾನು ರಿಸೀವರಿಗೆ ಅಂಗೈ ಮುಚ್ಚಿದೆ. "ಸಿಸ್ಟರ್, ಏನೂ ಹೇಳಬೇಡಿ. ಇಬ್ಬರ ಕೆಲಸಕ್ಕೂ ಕುತ್ತು. ಸ್ವಲ್ಪ ಹೊತ್ತು ನೋಡೋಣ, ಗಾಬರಿನೇ ಇರಬಹುದು."

"ಕೊಡ್ತೀರೋ, ಕೈಗೆ ಕತ್ತರಿ ಹಾಕ್ಲೋ?"

ಕತ್ತರಿ ನಿಜವಾಗಿಯೂ ಅವಳ ಕೈಯಲ್ಲಿತ್ತು, ಹುಡುಗಿಯ ಅಂಗಿಯ ತೋಳು ಕತ್ತರಿಸಲು ತೆಗೆದದ್ದು. ಕೊಟ್ಟೆ.

"ಡಾಕ್ಟ್ರೇ, ನಾನು. ಬೆಳಿಗ್ಗೆ ಇಸಿಜಿ ಆಗಿಲ್ಲ. ಯಂತ್ರದಲ್ಲಿ ಕಾಗದ ಇರಲಿಲ್ಲ, ಬರೀ ಓಡಿಸಿದೆ. ನಾರ್ಮಲ್ ಅಂತ ಬರೆದಿರೋದು ಸುಳ್ಳು, ನಾನೇ ಬರೆದದ್ದು. ಅಪ್ಪ ಮೂವತ್ತಾರಕ್ಕೆ ಹೋಗಿದ್ದಾರೆ. ಹಿಮ್ಮಡಿ ಮೇಲೆ ಹಳದಿ ಗಂಟಿದೆ. ನಾಡಿ ತಪ್ಪಿತಪ್ಪಿ ಬರ್ತಿದೆ."

ಆ ಕಡೆಯಿಂದ ಡಾಕ್ಟರು ಬೈದ ಬೈಗುಳ ಕೌಂಟರಿನಾಚೆ ನಿಂತ ನನಗೂ ಕೇಳಿಸಿತು. ಅವಳು ಹೂಂ, ಹೂಂ ಎನ್ನುತ್ತ, ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, ಆಸ್ಪಿರಿನ್ ಮಾತ್ರೆ ಬಿಡಿಸಿ ಹುಡುಗಿಯ ಬಾಯಿಗೆ ಹಾಕಿ, "ನುಂಗಬೇಡ, ಅಗಿ" ಎಂದು ಗದರಿಸಿದಳು. ಫೋನ್ ಇಟ್ಟು ನನ್ನ ಕಡೆ ಕೈ ಚಾಚಿದಳು.

"ವ್ಯಾನ್ ಬರೋದ್ರೊಳಗೆ ಇಸಿಜಿ ತೆಗೀಬೇಕು. ಎಲ್ಲಾದ್ರೂ ಒಂದು ತುಂಡು ಕಾಗದ ಹುಡುಕಿ."

ಇಲ್ಲ ಎನ್ನಲು ಬಾಯಿ ತೆರೆದವನು, ಹುಡುಗಿಯ ಮುಖ ನೋಡಿ ಬೀಗ ತೆಗೆದೆ. ಕೈಗವಸಿನ ಡಬ್ಬಗಳನ್ನು ಸರಿಸಿದೆ. ಹಿಂದೆ ಎರಡು ರೋಲ್, ಕವರ್ ಕೂಡ ಹರಿಯದೆ, ಅಕ್ಕಪಕ್ಕ ಕೂತಿದ್ದವು. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಎರಡನ್ನೂ ನೋಡಿದಳು. ಒಂದನ್ನು ಕಿತ್ತುಕೊಂಡು ಹೋದಳು. ಅವಳ ಬಾಯಿ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ನನಗೆ ಅವಳ ಬೈಗುಳವೇ ಎಷ್ಟೋ ವಾಸಿ ಅನ್ನಿಸಿತು.

ಬಂದ ಗೆರೆಗಳನ್ನು ಓದಲು ನನಗೆ ಬರುವುದಿಲ್ಲ. ಆದರೆ ಸರಿಯಿದ್ದದ್ದು ಹೇಗಿರುತ್ತದೆ ಎಂದು ಗೊತ್ತು, ಅದು ಹಾಗಿರಲಿಲ್ಲ. ವ್ಯಾನಿನಲ್ಲಿ ಅವಳೇ ಜೊತೆಗೆ ಹೋದಳು. ಹುಡುಗಿಗೆ ಸಮಾಧಾನದ ಒಂದು ಮಾತೂ ಹೇಳಲಿಲ್ಲವಂತೆ. ದಾರಿಯುದ್ದಕ್ಕೂ ಡ್ರೈವರಿಗೆ ಬೈಯುತ್ತಿದ್ದಳಂತೆ. ಆಸ್ಪತ್ರೆಯಲ್ಲಿ ಒಂದು ಗಂಟೆಯೊಳಗೆ ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದರು. ಅಪ್ಪನಿಂದ ಬಂದ ಕಾಯಿಲೆ, ಹುಟ್ಟಿನಿಂದಲೇ ರಕ್ತದಲ್ಲಿ ವಿಪರೀತ ಕೊಬ್ಬು. ಹಿಮ್ಮಡಿಯ ಹಳದಿ ಗಂಟೂ ಅದೇ ಕೊಬ್ಬಿನದಂತೆ. ನಾಲ್ಕು ಗಂಟೆಯವರೆಗೆ ಕಾದಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದರು.

ಹುಡುಗಿ ಬದುಕಿದಳು. ವಾರದ ನಂತರ ಅವಳ ತಾಯಿ ಬಂದಳು. ಹೊಲಿಗೆ ಕೆಲಸದವಳು, ಕುಪ್ಪಸದ ತೋಳಿಗೆ ಇನ್ನೂ ಎರಡು ಗುಂಡುಸೂಜಿ ಸಿಕ್ಕಿಸಿಕೊಂಡಿದ್ದಳು.

"ಅಪ್ಪ ಸತ್ತದ್ದನ್ನ ನನ್ನ ಮಗಳು ಸುಳ್ಳು ಹೇಳ್ತಾಳೆ ಅಂದ್ಕೊಂಡ್ರಾ? ಅವರು ಹೋದಾಗ ಅವಳಿಗೆ ನಾಲ್ಕು ವರ್ಷ."

"ಹೌದಮ್ಮ. ಹಾಗೇ ಅಂದ್ಕೊಂಡೆ" ಎಂದಳು ಇವಳು.

ಆ ತಾಯಿ ಕೆನ್ನೆಗೆ ಬಾರಿಸಿದ ಸದ್ದಿಗೆ ಸಾಲಿನಲ್ಲಿದ್ದ ಹುಡುಗರೆಲ್ಲ ತಲೆ ಎತ್ತಿದರು. ಇವಳು ಅಲುಗಾಡಲಿಲ್ಲ. ಕೆನ್ನೆಯನ್ನೂ ಮುಟ್ಟಿಕೊಳ್ಳಲಿಲ್ಲ.

"ನಿಮಗೊಬ್ಬ ಮಗನೂ ಇದ್ದಾನಲ್ಲಮ್ಮ. ಅವನಿಗೆ ರಕ್ತ ಪರೀಕ್ಷೆ ಮಾಡಿಸಿದ್ರಾ?"

"ಅವನಿಗೇನಾಗಿದೆ? ಚೆನ್ನಾಗಿದ್ದಾನೆ."

"ಮಗಳೂ ಚೆನ್ನಾಗೇ ಇದ್ಲು. ನಾಳೆ ಬೆಳಿಗ್ಗೆ ಏನೂ ತಿನ್ನಿಸದೆ ಕರ್ಕೊಂಡು ಬನ್ನಿ. ಇನ್ನೂ ನಾಲ್ಕು ಹೊಡೀಬೇಕು ಅನ್ಸಿದ್ರೆ ಆಗಲೇ ಹೊಡೀರಿ."

ತಾಯಿ ಉಗಿದು ಹೋದಳು. ಮಾರನೇ ದಿನ ಮಗನನ್ನು ಕರೆದುಕೊಂಡು ಬಂದಳು. ಅವನ ರಕ್ತದಲ್ಲೂ ಅದೇ ಇತ್ತು, ಆ ವಾರವೇ ಔಷಧಿ ಶುರುವಾಯಿತು. ಆ ತಾಯಿ ಕೃತಜ್ಞತೆ ಹೇಳಿದಳು ಎಂದು ಯಾರಾದರೂ ನಿರೀಕ್ಷಿಸಿದರೆ, ಇಲ್ಲ. ಅವಳು ಬಂದಾಗಲೆಲ್ಲ ನನ್ನ ಜೊತೆ ಮಾತಾಡುತ್ತಿದ್ದಳು, ಇವಳ ಮುಖ ನೋಡುತ್ತಿರಲಿಲ್ಲ. ನನ್ನನ್ನು ಒಳ್ಳೆಯವನೆಂದು ತಿಳಿದಿದ್ದಳು. ಹುಡುಗರು ಒಂದು ವಾರ ಹೆದರಿ ಬಿ.ಪಿ. ನೋಡಿಸಿಕೊಂಡರು, ಎರಡನೇ ವಾರ ಬ್ಯಾನರಿನ ಕೆಳಗೆ ಮತ್ತೆ ಹೊಗೆ ಎದ್ದಿತು. ಮೇಷ್ಟ್ರು ಇನ್ನೊಂದು ಸಮೀಕ್ಷೆ ಮಾಡಿಸಿದರು. ಅರಿವು ತೊಂಬತ್ತನಾಲ್ಕಕ್ಕೆ ಏರಿತ್ತು.

ತಿಂಗಳ ಮೇಲೆ ವಿಚಾರಣೆ ನಡೆಯಿತು. ಉದ್ದನೆಯ ಮೇ‌ಜಿನಾಚೆ ಮೂವರು. ಅವಳು ಮೊದಲೇ ಎಲ್ಲವನ್ನೂ ಬರೆದುಕೊಟ್ಟಿದ್ದಳು. ಎಂಟು ವರ್ಷ, ನೂರಾರು ಖಾಲಿ ಇಸಿಜಿ, ನೂರಾರು ಸುಳ್ಳು ಚೀಟಿ. ಉಪಾಯ ಯಾರದು ಎಂದು ಬರೆದಿರಲಿಲ್ಲ. ಉಳಿದದ್ದು ಒಂದೇ ಪ್ರಶ್ನೆ, ಅದು ನನಗೆ.

"ಆ ದಿನ ಬೆಳಿಗ್ಗೆ ಸ್ಟೋರಿನಲ್ಲಿ ಇಸಿಜಿ ಕಾಗದ ಇತ್ತೇ?"

ಇತ್ತು ಎಂದರೆ ಆ ಹುಡುಗಿಯನ್ನು ಮಹಡಿ ಹತ್ತಿಸಿದವನು ನಾನು. ರಿಜಿಸ್ಟರು ನನ್ನ ಎದುರಿಗೆ ತೆರೆದಿತ್ತು, ಅದರಲ್ಲಿ ಸೊನ್ನೆ ಎಂದಿತ್ತು.

"ಇರಲಿಲ್ಲ ಸಾರ್. ಆಮೇಲೆ ತೆಗೆದದ್ದು ಡ್ರಾಯರಿನಲ್ಲಿ ಬಿದ್ದಿದ್ದ ಹಳೇ ತುಂಡಿನಲ್ಲಿ."

ಅವರು ಅವಳ ಕಡೆ ತಿರುಗಿದರು. "ಇದು ಸರಿಯೇ, ಸಿಸ್ಟರ್?"

ಅವಳು ನನ್ನನ್ನು ನೋಡಿದಳು. ಎರಡು ಇತ್ತು, ಕವರ್ ಸಮೇತ ಇತ್ತು ಎಂದು ಅವಳು ಹೇಳಿದ್ದರೆ ಆ ದಿನ ಮನೆಗೆ ಹೋಗುತ್ತಿದ್ದವನು ನಾನು. ನಾನು ಕಾಯುತ್ತ ನಿಂತೆ.

"ಸ್ಟೋರು ಅವರದ್ದು. ಅವರು ಹೇಳಿದ್ಮೇಲೆ ಇನ್ನೇನು" ಎಂದಳು.

ಹೊರಗೆ ಮೆಟ್ಟಿಲ ಹತ್ತಿರ ಅವಳನ್ನು ತಡೆದು ನಿಲ್ಲಿಸಿದೆ. ಕಣ್ಣು ತುಂಬಿ ಬಂದಿತ್ತು ನನಗೆ. ಇಷ್ಟು ವರ್ಷ ಹಾವು ಮುಂಗುಸಿಯ ಹಾಗಿದ್ದರೂ ಕೊನೆಗೆ ನನ್ನ ಹೆಂಡತಿ ಮಕ್ಕಳ ಮುಖ ನೋಡಿದಳಲ್ಲ ಎಂದು.

"ಸಿಸ್ಟರ್, ನೀವು ಹೇಳಬಹುದಿತ್ತು. ಯಾಕೆ ಬಿಟ್ರಿ ನನ್ನನ್ನ?"

"ನೀವೇನು ಅಂದ್ಕೊಂಡ್ರಿ, ಕರುಣೆ ಅಂತಾನಾ?" ಎಂದಳು. "ಹುಡುಗರ ಸುಳ್ಳು ಯಾಕೆ ಹಿಡೀತೀನಿ ಗೊತ್ತಾ ಕಾಂಪೌಂಡರ್ರೇ? ಇಪ್ಪತ್ತು ವರ್ಷ ಅವರಿಗೆ. ನಾಚಿಕೆಯಾದ್ರೆ ಇನ್ನೂ ತಿದ್ದಿಕೊಳ್ತಾರೆ. ನಿಮಗೆ ಐವತ್ತನಾಲ್ಕು. ನಿಮ್ಮನ್ನ ಹಿಡಿದು ಏನ್ ಮಾಡ್ಲಿ?"

ಚೀಲ ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಮೂರು ತಿಂಗಳು ಅಮಾನತಿನಲ್ಲಿದ್ದಳು, ಒಂದು ವರ್ಷದ ವೇತನ ಬಡ್ತಿ ತಡೆಹಿಡಿದರು. ವಾಪಸು ಬಂದು ಎರಡು ವರ್ಷ ಅದೇ ಕೋಣೆಯಲ್ಲಿ ಕೂತು, ಪ್ರತಿ ಎದೆನೋವಿಗೂ ಕಾಗದ ಹಾಕಿಯೇ ಇಸಿಜಿ ತೆಗೆದಳು. ಕಾಗದ ಮುಗಿದರೆ ಸುಳ್ಳು ಎಂದು ಗೊತ್ತಿದ್ದವರಿಗೂ ರಜೆಯ ಚೀಟಿ ಬರೆದುಕೊಟ್ಟಳು. ಅವಳಿಲ್ಲದ ಆ ಮೂರು ತಿಂಗಳಲ್ಲೇ ನನಗೆ ಹಿರಿಯ ದರ್ಜೆಗೆ ಬಡ್ತಿ ಬಂತು. ಅವಳು ಹೇಳಿದ್ದು ಸುಳ್ಳಾಗಲಿ, ಕೈ ಒಂದಿಷ್ಟಾದರೂ ನಡುಗಲಿ ಎಂದು ಬಡ್ತಿ ಪತ್ರದ ಮುಂದೆ ತುಸು ಹೊತ್ತು ಕೂತಿದ್ದೆ. ನಡುಗಲಿಲ್ಲ. ದಪ್ಪ ಅಕ್ಷರದಲ್ಲಿ ಸಹಿ ಹಾಕಿ ಕಳಿಸಿದೆ.